ಹಳದಿ ಹೋಗುವ ತನಕ

ಕಲ್ಲಿಗೆ ತಾಗಿದ ಕೂಡಲೇ ಗರಗಸ ಕಿರುಚುತ್ತಿತ್ತು. ನೀರು ಬಿಟ್ಟ ಮೇಲೆ ಸುಮ್ಮನೆ ಗೊಣಗುತ್ತಿತ್ತು. ಆ ಗೊಣಗಾಟ ಕೇಳಿಸಿದರೆ ಭೂವಿಜ್ಞಾನ ವಿಭಾಗದ ಬಾಗಿಲು ತೆರೆದಿದೆ ಎಂದೇ ಅರ್ಥ. ಮೂವತ್ತೊಂದು ವರ್ಷದಿಂದ ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಮೇಸ್ತ್ರಿ ಎಂದು ಕರೆಯುತ್ತಿದ್ದರು.

ಕಲ್ಲನ್ನು ಬಿಲ್ಲೆಯಾಗಿ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ತೇಯುವುದು ಅವರ ಕೆಲಸ. ಸೂಕ್ಷ್ಮದರ್ಶಕದಲ್ಲಿ ಸ್ಫಟಿಕದ ಕಣ ಹಳದಿಯಾಗಿ ಕಂಡರೆ ಇನ್ನೂ ದಪ್ಪ. ಹಳದಿ ಹೋಗಿ ಬೂದುಬಿಳುಪಿಗೆ ತಿರುಗಿದರೆ ಸಾಕು. ಅಲ್ಲಿಂದ ನಾಲ್ಕು ಸುತ್ತು ಹೆಚ್ಚಾದರೂ ಉಳಿಯುವುದು ಬರಿಗಾಜು.

ಆ ವರ್ಷ ವಿಭಾಗಕ್ಕೆ ಹೊಸದಾಗಿ ಸೇರಿದವರು ನಾಲ್ಕೇ ಮಂದಿ ವಿದ್ಯಾರ್ಥಿಗಳು. ಕೊಯ್ಯುವ ಕೋಣೆ ಮುಚ್ಚಿ ಅಲ್ಲಿ ಕಂಪ್ಯೂಟರ್ ಇಡುತ್ತಾರಂತೆ ಎಂಬ ಗಾಳಿಮಾತು ಮೇಸ್ತ್ರಿಯ ಕಿವಿಗೂ ಬಿದ್ದಿತ್ತು. ಅಂಥ ದಿನಗಳಲ್ಲೇ ಸಂಶೋಧನೆಯ ಹುಡುಗಿ ಬೆರಳುದ್ದದ ಕಲ್ಲೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಳು.

“ಕೊಳವೆಬಾವಿ ತಳದ್ದು, ಮೇಸ್ತ್ರೀ. ಆ ಬಾವೀನ ಸಿಮೆಂಟ್ ಹಾಕಿ ಮುಚ್ಚಿಬಿಟ್ರು. ಇನ್ನು ಸಿಗಲ್ಲ. ನನ್ನ ನಾಲ್ಕು ವರ್ಷದ ಕೆಲಸ ಇದರ ಮೇಲೇ ನಿಂತಿದೆ.”

“ಮೂರು ಬಿಲ್ಲೆ ಬರುತ್ತೆ ಬಿಡು. ಮೊದಲು ಹೋಗಿ ಹೊಟ್ಟೆ ತುಂಬ ಊಟ ಮಾಡು ತಾಯಿ. ನಿನ್ನನ್ನ ತೇಯೋ ಕೆಲಸಾನೇ ಇಲ್ಲ, ಈಗಲೇ ಬೆಳಕು ಹಾಯ್ತಾ ಇದೆ!”

ಮೊದಲ ಬಿಲ್ಲೆಯಲ್ಲಿ ಹಳದಿ ಹೋಗಲೇ ಇಲ್ಲ. ಇನ್ನಷ್ಟು ತೇಯ್ದರು. ಆಮೇಲೆ ನೋಡಿದರೆ ಗಾಜಿನ ಮೇಲೆ ಕಲ್ಲೇ ಇರಲಿಲ್ಲ. “ಅಂಟು ಕೆಟ್ಟದ್ದು, ಎದ್ದುಹೋಯ್ತು,” ಎಂದರು. ಹುಡುಗಿ ನಂಬಿದಳು. ಅರ್ಧವರ್ಷದ ಪರೀಕ್ಷೆ ಮುಗಿಯುವಷ್ಟರಲ್ಲಿ ಎರಡನೆಯದೂ ಹಾಗೇ ಹೋಯಿತು.

ಒಂದು ಬೆಳಿಗ್ಗೆ ಮೇಸ್ತ್ರಿ ಹೆಂಡತಿಯ ಮೇಲೆ ರೇಗಿದರು. “ಬಿಳಿ ಅಂಗಿ ಕೊಡು ಅಂದ್ರೆ, ಈ ಹಳದಿ ಬಿದ್ದಿರೋದನ್ನ ಕೊಡ್ತೀಯಲ್ಲ!”

“ಹೊಸದು ಕಣ್ರೀ. ಈಗ ತಾನೇ ಪೆಟ್ಟಿಗೆಯಿಂದ ತೆಗೆದೆ.” ಆಕೆ ಹತ್ತಿರ ಬಂದು ಅವರ ಮುಖವನ್ನು ಬೆಳಕಿಗೆ ತಿರುಗಿಸಿದಳು. “ಕಣ್ಣಿಗೆ ಪೊರೆ ಬಂದಿದೆ ರೀ. ಡಾಕ್ಟರಿಗೆ ತೋರಿಸ್ಬಾರ್ದಾ?”

“ಯಾರ ಹತ್ರಾನೂ ಬಾಯಿ ಬಿಡಬೇಡ.”

ಮೂರನೆಯದನ್ನು ಬೇರೆ ಕಡೆ ಕೊಡು ಎಂದು ಹುಡುಗಿಗೆ ಹೇಳಬಹುದಿತ್ತು. ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಕೋಣೆಗೆ ಬೀಗ ಹಾಕಲು ಅದೇ ನೆಪ ಸಾಕು. ಮೇಸ್ತ್ರಿ ಮೂರನೆಯದನ್ನೂ ತಾವೇ ಎತ್ತಿಕೊಂಡರು. ಕಣ್ಣು ಬೇಡ, ಬೆರಳೇ ಹೇಳಲಿ ಎಂದುಕೊಂಡು ಇಡೀ ವಾರ ತೇಯ್ದರು. ಬೆರಳು ಸಾಕೆಂದಲ್ಲಿ ನಿಲ್ಲಿಸಿದರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಒಮ್ಮೆ ಸೂಕ್ಷ್ಮದರ್ಶಕಕ್ಕೆ ಇಡದೆ ಯಾವ ಬಿಲ್ಲೆಯನ್ನೂ ಅವರು ಕೈಬಿಟ್ಟವರಲ್ಲ. ಇಟ್ಟು ನೋಡಿದರು. ಹಳದಿ. ಸುಳ್ಳು ಹಳದಿ ಎಂದು ಗೊತ್ತಿತ್ತು. ಗೊತ್ತಿದ್ದೂ, ಇನ್ನು ಎರಡೇ ಸುತ್ತು ಎಂದು ಕೈ ತಾನಾಗಿಯೇ ತೇಯುವ ಪುಡಿಯ ಕಡೆ ಹೋಯಿತು.

ಹುಡುಗಿ ಅಳಲಿಲ್ಲ. ಬರಿಗಾಜನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ, ಮೇಸ್ತ್ರಿಯ ಪಕ್ಕದಲ್ಲೇ ನಿಂತು, “ಕಲ್ಲು ಕಳೆದುಹಾಕಿಬಿಟ್ಟೆ ಸರ್, ನನ್ನದೇ ತಪ್ಪು,” ಎಂದಳು.

“ಸುಳ್ಳು ಸರ್,” ಎಂದರು ಮೇಸ್ತ್ರಿ. “ಮೂರನ್ನೂ ನಾನೇ ತೇಯ್ದು ಮುಗಿಸಿದ್ದು. ಕಣ್ಣು ಸರಿಯಿಲ್ಲ. ಹೇಳಿದ್ರೆ ಕೋಣೆ ಮುಚ್ತೀರಿ ಅಂತ ಬಚ್ಚಿಟ್ಟೆ.”

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಯ್ಯೋ ಮೇಸ್ತ್ರೀ, ಕೋಣೆ ಮುಚ್ಚೋದು ಹೋದ ವರ್ಷವೇ ತೀರ್ಮಾನ ಆಗಿತ್ತು. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ಹೇಳಿರಲಿಲ್ಲ, ಅಷ್ಟೆ. ನಿಮ್ಮನ್ನ ಗ್ರಂಥಾಲಯಕ್ಕೆ ಹಾಕಿದ್ದೀವಿ. ಆರಾಮಾಗಿ ಕೂತ್ಕೋಬಹುದು. ಇನ್ನು ಆ ಕಣ್ಣಿನ ವಿಷಯ, ನನಗೊಬ್ಬರು ಒಳ್ಳೇ ಡಾಕ್ಟರ್ ಗೊತ್ತು…”

ಹುಡುಗಿ ತಲೆಯೆತ್ತಿ ಮೇಸ್ತ್ರಿಯ ಕಡೆ ನೋಡಿದಳು. ಮುಖ್ಯಸ್ಥರು ಡಾಕ್ಟರ ವಿಳಾಸ ಹೇಳುತ್ತಲೇ ಇದ್ದರು. ಮೇಸ್ತ್ರಿ ಬಾಗಿಲು ದಾಟಿ, ಮೊಗಸಾಲೆಯ ಗೋಡೆ ಹಿಡಿದುಕೊಂಡು ನಡೆದರು.