ನಾನು ಬಿಟ್ಟ ಎರಡು ಮಟಾಟು

ನೈರೋಬಿಯ ಬಸ್ ಸ್ಟಾಪಿನಿಂದ ಎರಡನೆಯ ಮಟಾಟು ವ್ಯಾನು ಕೂಡ ಜನರನ್ನು ತುಂಬಿಕೊಂಡು ಪಾರ್ಕ್‌ಲ್ಯಾಂಡ್ಸ್ ಕಡೆಗೆ ಹೊರಟುಹೋಯಿತು. ಕಂಡಕ್ಟರ್ ಕೂಗಿ ಕರೆದರೂ ನಾನು ಕದಲಲಿಲ್ಲ. ಎದುರಿನ ರೆಕಾರ್ಡ್ ಅಂಗಡಿಯ ಸ್ಪೀಕರಿನಲ್ಲಿ ಹೆಣ್ಣೊಬ್ಬಳ ಹಾಡು, ಬಿಸಿಲಿಗೆ ಹರವಿದ ಸೀರೆಯ ಹಾಗೆ ಮೆಲ್ಲಗೆ ತೇಲುತ್ತಿತ್ತು. ಕೈಯಲ್ಲಿದ್ದ, ತಿದ್ದಬೇಕಾದ ಶಾಲೆಯ ಮಕ್ಕಳ ನೋಟ್‌ಬುಕ್ಕುಗಳ ಭಾರವೂ ಮರೆತುಹೋಗಿತ್ತು.

ಹಾಡು ಮುಗಿದಾಗ ಅಂಗಡಿಯ ಮಾಲೀಕರಾದ ಹಿರಿಯರು ರಸ್ತೆ ದಾಟಿ ಬಂದು ನನ್ನ ಕೈ ಕುಲುಕಿದರು. ನೈರೋಬಿಯ ಗಾಯಕರ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳನ್ನು ಇಪ್ಪತ್ತು ವರ್ಷದಿಂದ ಅವರೊಬ್ಬರೇ ಹೊರತರುತ್ತಿದ್ದರಂತೆ. ಹೊಸ ಹಾಡಿನ ಟೇಪನ್ನು ಮೊದಲು ಈ ಸ್ಟಾಪಿನವರಿಗೆ ಕೇಳಿಸುವುದು ಅವರ ರೂಢಿ. ಯಾರಾದರೂ ಹಾಡು ಕೇಳುತ್ತಾ ಬಂದ ಮಟಾಟು ಹತ್ತದೆ ಬಿಟ್ಟು ನಿಂತರೆ ಮಾತ್ರ ಅದರ ರೆಕಾರ್ಡ್ ಅಚ್ಚಾಗುತ್ತಿತ್ತು.

"ಮೂರು ದಿನದಿಂದ ಹಾಕ್ತಿದ್ದೀನಿ ಟೀಚರ್, ಯಾರೂ ನಿಲ್ಲಲಿಲ್ಲ. ಇವತ್ತೂ ನಿಲ್ಲದಿದ್ರೆ ಬಾಗಿಲು ಮುಚ್ಚೋಣ ಅಂತಿದ್ದೆ. ನೀವು ಎರಡು ಬಿಟ್ರಿ. ಅಸಾಂಟೆ" ಎಂದರು, ಇಂಗ್ಲಿಷಿನಲ್ಲಿ, ಕೊನೆಯ ಆ ಸ್ವಾಹಿಲಿ ಧನ್ಯವಾದವೊಂದನ್ನು ಬಿಟ್ಟು.

ಕೆಲವು ವಾರಗಳ ನಂತರ ಮೊದಲ ಪ್ರತಿಯನ್ನು ನನಗೇ ಕೊಟ್ಟರು. ಕ್ಯಾಸೆಟ್ಟಿನ ಹಾವಳಿಯಲ್ಲಿ ಅದೇ ಅವರ ಕಂಪನಿಯ ಕೊನೆಯ ರೆಕಾರ್ಡ್ ಆಯಿತು. ಅದನ್ನು ಹಾಕಿ ಕೇಳಲು ನಮ್ಮ ಮನೆಯಲ್ಲಿ ಪ್ಲೇಯರ್ ಇಲ್ಲ. ಕವರಿನಿಂದ ತೆಗೆದು ಸುಮ್ಮನೆ ಹಿಡಿದು ಕೂರುತ್ತೇನೆ. ಎಲ್ಲೋ ಒಂದು ಮಟಾಟು ದೂರ ಹೋಗುತ್ತಿರುತ್ತದೆ. ನನಗೆ ಎಲ್ಲಿಗೂ ಹೋಗಬೇಕಾಗಿರುವುದಿಲ್ಲ.