ಎಂಜಿನ್ ದೊರೆಯ ಜನಗಣತಿ ಚೀಟಿ

ಅರವತ್ತೊಂದರ ಜನಗಣತಿಗೆ ನನ್ನನ್ನು ಹಾಕಿದಾಗ ನನಗಿನ್ನೂ ಇಪ್ಪತ್ತೆರಡು. ಯಲಹಂಕದ ಸ್ಕೂಲಿಗೆ ಟೀಚರಾಗಿ ಸೇರಿ ಒಂದೂವರೆ ವರ್ಷವಾಗಿತ್ತು. ಹೆಣ್ಣುಮಗಳು, ಬಿಸಿಲಿನಲ್ಲಿ ಮನೆಮನೆ ಅಲೆಯುವುದು ಬೇಡ ಎಂದು ಹೆಡ್‌ಮಾಸ್ಟರು ಹೇಳಿದ್ದೇ ತಡ, ನನಗೆ ಹಟ ಬಂತು. ನಾನು ಶಾನುಭೋಗರ ಮಗಳು. ನಮ್ಮಪ್ಪ ಆ ಸುತ್ತಿನ ಹಳ್ಳಿಗಳ ಲೆಕ್ಕಪತ್ರವನ್ನು ಮೂವತ್ತು ವರ್ಷ ಬರೆದವರು. ಮೂವತ್ತೊಂದರ ಗಣತಿಗೂ ನಲವತ್ತೊಂದರ ಗಣತಿಗೂ ಮನೆಪಟ್ಟಿ ಮಾಡಿದ್ದು ಅವರೇ. ಅವರ ಅಕ್ಷರ ಹಾಗೇ ನನ್ನ ಕೈಗೆ ಇಳಿದಿದೆ ಎಂದು ಊರೆಲ್ಲ ಹೇಳುತ್ತಿತ್ತು. ಅದರ ಜಂಬವೂ ನನಗೆ ಸಾಕಷ್ಟಿತ್ತು.

ಒಬ್ಬೊಬ್ಬರಿಗೂ ಒಂದೊಂದು ಚೀಟಿ. ಹುಟ್ಟಿದ ಊರು ಯಾವುದು, ಈ ಊರಿಗೆ ಬಂದು ಎಷ್ಟು ವರ್ಷ, ಮಾತೃಭಾಷೆ ಏನು, ಹೀಗೆ ಸಾಲುಸಾಲು ಪ್ರಶ್ನೆಗಳು. ನಮ್ಮ ಕಡೆ ಇವೆಲ್ಲ ನಿಮಿಷದ ಕೆಲಸ. ಹುಟ್ಟಿದ್ದು ಇಲ್ಲೇ, ಇರೋದು ಇಲ್ಲೇ, ಕನ್ನಡ, ಇಲ್ಲವೇ ತೆಲುಗು, ಉರ್ದು. ಮೂರನೇ ದಿನದ ಹೊತ್ತಿಗೆ ನನಗೆ ಬೇಜಾರೇ ಬಂದಿತ್ತು.

ಕೆರೆಯಾಚೆ ಹಳೇ ದ್ರಾಕ್ಷಿ ತೋಟದ ಪಕ್ಕ ಎಂಜಿನ್ ದೊರೆಯ ಮನೆ. ದೊರೆ ಎಂದರೆ ಬಿಳಿಯ ತೊಗಲು ಅಷ್ಟೇ. ದೊರೆತನ ಏನೂ ಇರಲಿಲ್ಲ. ಖಾಕಿ ಚಡ್ಡಿ, ತಲೆಗೊಂದು ಟವಲು, ಮೊಣಕೈವರೆಗೆ ಎಣ್ಣೆಮಸಿ. ಹೆಬ್ಬಾಳದಿಂದ ದೇವನಹಳ್ಳಿಯವರೆಗೆ ಯಾರ ಬಾವಿಯ ಆಯಿಲ್ ಎಂಜಿನ್ ಕೆಟ್ಟರೂ ಅವರೇ ಬರಬೇಕು. ಕೋಗಿಲು ಕಡೆಯ ಒಕ್ಕಲುಮನೆಯ ಹೆಣ್ಣನ್ನು ಮದುವೆಯಾಗಿದ್ದರು. ಕನ್ನಡವನ್ನು ಕಲಿತದ್ದು ಆಕೆಯ ಬಾಯಿಂದ. ಹಾಗಾಗಿ ಆ ಎತ್ತರದ, ಕೆಂಪು ಮುಖದ ಮನುಷ್ಯ ಬಾಯಿಬಿಟ್ಟರೆ ನಮ್ಮ ಹೊಲಗದ್ದೆಯ ಕನ್ನಡವೇ ಬರುತ್ತಿತ್ತು.

ಜಗಲಿಯ ಮೇಲೆ ಕೂತು ಹುಟ್ಟಿದ ಊರು ಕೇಳಿದೆ. ಯಾವುದೋ ಹಳ್ಳಿಯ ಹೆಸರು ಹೇಳಿದರು. ದೇಶ ಯಾವುದು ಎಂದೆ.

“ಉಕ್ರೇನು.”

ನಾನು ಆ ಹೆಸರನ್ನೇ ಕೇಳಿರಲಿಲ್ಲ. ಏಳನೇ ಕ್ಲಾಸಿಗೆ ಭೂಗೋಳ ಹೇಳಿಕೊಡುವವಳು ಬೇರೆ! ಅವಮಾನ ಮುಚ್ಚಿಕೊಳ್ಳಲು, “ಅಂದ್ರೆ ರಷ್ಯಾ ತಾನೆ? ಹಾಗಂತ ಬರ್ಕೊಳ್ಲಾ?” ಎಂದೆ.

ಅವರು ಎಣ್ಣೆ ಮೆತ್ತಿದ ಬೆರಳನ್ನು ನನ್ನ ಚೀಟಿಯ ಮೇಲೇ ಇಟ್ಟರು.

“ಬರಿಯೋದಾದ್ರೆ ಸರಿಯಾಗಿ ಬರ್ಕೊಳಿ ತಾಯಿ. ಇಲ್ದಿದ್ರೆ ಮಡಚ್ಕೊಂಡು ಓಗಿ. ನಂಗೀಗ ಅರವತ್ತೆಂಟು. ಇದುವರ್ಗೂ ಒಬ್ರಾದ್ರೂ ನನ್ನ ನೆಟ್ಟಗೆ ಬರ್ದಿಲ್ಲ. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು ನಾನು.”

ಆಮೇಲೆ ಅವರು ಹೇಳಿದ್ದನ್ನು ನಾನು ಬಾಯಿಬಿಟ್ಟುಕೊಂಡು ಕೇಳಿದೆ. ಅವರು ಹುಟ್ಟಿದಾಗ ಆ ಹಳ್ಳಿ ಆಸ್ಟ್ರಿಯಾದ ಚಕ್ರವರ್ತಿಯದು. ಮೊದಲನೇ ಯುದ್ಧ ಮುಗಿದ ಮೇಲೆ ಪೋಲೆಂಡಿನದು. ಎರಡನೆಯದರಲ್ಲಿ ರಷ್ಯದವರು ಬಂದರು, ಅವರನ್ನು ಓಡಿಸಿ ಜರ್ಮನಿಯವರು ಬಂದರು, ಮತ್ತೆ ರಷ್ಯದವರು. ಅವರಪ್ಪನ ಮನೆ ಮಾತ್ರ ಇದ್ದಲ್ಲೇ ಇತ್ತು. ಅಣ್ಣ ಎಳೆವಯಸ್ಸಿನಲ್ಲೇ ಕೆನಡಾಕ್ಕೆ ಹೋಗಿ ಕಾಡು ಕಡಿದು ಗೋಧಿ ಬೆಳೆಯುತ್ತಿದ್ದನಂತೆ. ಮೊದಲ ಯುದ್ಧ ಬಂದಾಗ, ನಿನ್ನ ಕಾಗದದಲ್ಲಿ ಆಸ್ಟ್ರಿಯಾ ಎಂದಿದೆ, ನೀನು ಶತ್ರು ಎಂದು ಆ ಅಣ್ಣನನ್ನು ತಂತಿಬೇಲಿಯೊಳಗೆ ಹಾಕಿದರಂತೆ. ಇಪ್ಪತ್ತೈದು ವರ್ಷದ ಮೇಲೆ, ಭೂಮಿಯ ಈ ಕಡೆ, ಯಲಹಂಕದಲ್ಲಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದ ತಮ್ಮನಿಗೂ ಅದೇ ಗತಿ. ಎರಡನೇ ಯುದ್ಧ ಶುರುವಾದ ವಾರವೇ ಪೊಲೀಸರು ಬಂದರು. ಉತ್ತರದಲ್ಲೆಲ್ಲೋ ಬೆಟ್ಟದ ಬುಡದ ಕ್ಯಾಂಪಿನಲ್ಲಿ ಆರೂವರೆ ವರ್ಷ.

ಒಂದೇ ಹಟ್ಟಿಯ ಇಬ್ಬರು ಹುಡುಗರು, ಎರಡು ಸಮುದ್ರದಾಚೆ, ಎರಡು ಯುದ್ಧ, ಒಂದೇ ತಪ್ಪು. ನಾವು ಟಿನ್ನು ಹಿಡಿದು ಸೀಮೆಎಣ್ಣೆ ತರಲು ಹೋಗುವ ದಾರಿಯಲ್ಲಿ ಇಷ್ಟು ದೊಡ್ಡ ಸಂಗತಿ ಜಗಲಿಯ ಮೇಲೆ ಕೂತು ಸ್ಪ್ಯಾನರು ಒರೆಸುತ್ತಿತ್ತಲ್ಲ ಎನಿಸಿತು.

“ನಿಮ್ಮೂರಿನ ರಿಜಿಸ್ಟರ್‌ನಾಗೇ ಜರ್ಮನಿ ಅಂತ ಐತಲ್ಲಯ್ಯಾ ಅಂದ್ರು ಪೊಲೀಸ್ನೋರು,” ಎಂದರು ಅವರು. “ಯಾರು ಬರ್ದ್ರೋ ಏನೋ.”

ಊರಿನ ರಿಜಿಸ್ಟರು ಬರೆಯುತ್ತಿದ್ದುದು ಒಂದೇ ಕೈ. ನಾಳೆ ಬರುತ್ತೇನೆ ಎಂದು ಚೀಟಿಯನ್ನು ಖಾಲಿಯಾಗೇ ಮಡಚಿಕೊಂಡು ಎದ್ದೆ.

ಅಪ್ಪ ಹಳೇ ಪಟ್ಟಿಗಳ ನಕಲನ್ನೆಲ್ಲ ಕೆಂಪು ಬಟ್ಟೆಯಲ್ಲಿ ಗಂಟುಕಟ್ಟಿ ಟ್ರಂಕಿನಲ್ಲಿಟ್ಟಿದ್ದರು. ಅಮ್ಮ ಊಟಕ್ಕೆ ಕರೆದರೂ ಹೋಗದೆ ನಡುಮನೆಯಲ್ಲಿ ಕೂತು ಬಿಚ್ಚಿದೆ. ಮೂವತ್ತೊಂದರ ಮನೆಪಟ್ಟಿಯಲ್ಲಿ ಅವರು ಸಿಕ್ಕರು: ‘ಪರಂಗಿಯವನು, ಯಂತ್ರ ದುರಸ್ತಿ’. ನಲವತ್ತೊಂದರದ್ದರಲ್ಲಿ ಆ ಮನೆಗೆ ಹೆಂಡತಿ ಒಬ್ಬಳೇ. ಪಕ್ಕದ ಷರಾದಲ್ಲಿ ‘ಗಂಡ ಊರಿನಲ್ಲಿಲ್ಲ’. ನಡುವೆ, ಯುದ್ಧಕ್ಕೆ ಮುಂಚೆ ಅಮಲ್ದಾರರ ಕಚೇರಿಗೆ ಕಳಿಸಿದ ಪರದೇಶದವರ ಪಟ್ಟಿ. ಅದರಲ್ಲಿ ಎರಡೇ ಸಾಲು. ಮೊದಲನೆಯದು ದ್ರಾಕ್ಷಿ ತೋಟದ ಮ್ಯಾನೇಜರು, ದೇಶ ಜರ್ಮನಿ. ಅದರ ಕೆಳಗೆ ಎಂಜಿನ್ ದೊರೆ. ದೇಶದ ಕಾಲಂನಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ‘ಸದರಿ’.

ಸದರಿ ಎಂದರೆ ಮೇಲೆ ಹೇಳಿದ್ದೇ. ಶಾನುಭೋಗರ ಕೈಗೆ ಆ ಪದ ತಾನಾಗೇ ಬರುತ್ತದೆ. ಈ ಹೊಲಕ್ಕೆ ರಾಗಿ, ಮುಂದಿನದಕ್ಕೆ ಸದರಿ, ಅದರ ಮುಂದಿನದಕ್ಕೂ ಸದರಿ. ಅಪ್ಪನ ಪುಸ್ತಕಗಳಲ್ಲಿ ಸಾವಿರಾರು ಸದರಿಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅದರಲ್ಲಿ ಒಂದು, ಒಬ್ಬ ಮನುಷ್ಯನನ್ನು ಎತ್ತಿಕೊಂಡು ಹೋಗಿ ಆರೂವರೆ ವರ್ಷ ಬೇಲಿಯೊಳಗಿಡಬಲ್ಲದು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಆ ಪುಟ್ಟ ಪದವನ್ನು ನೋಡುತ್ತ ನನಗೆ ಭಯವಾಯಿತು.

ಪಟ್ಟಿಯನ್ನು ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. ಎರಡು ಸಾಲಿನ ಮೇಲೂ ಬೆರಳಾಡಿಸಿದರು.

“ಆಗ ಇಬ್ರೂ ಆ ತೋಟದ ಕಾಂಪೌಂಡಲ್ಲೇ ಇದ್ರು,” ಎಂದರು. “ಇಬ್ರೂ ಬಿಳೀ ಜನ. ನಾನು ಕೇಳ್ಲೇ ಇಲ್ಲ ಕಣಮ್ಮ.”

ಅಷ್ಟೇ ಅಂದರು. ಮಧ್ಯಾಹ್ನದ ಊಟ ಬೇಡವೆಂದರು. ಮಾರನೇ ಬೆಳಿಗ್ಗೆ ನಾನು ಹೊರಟಾಗ ಅವರು ಕರೀ ಕೋಟು ಹಾಕಿ, ಪೇಟ ಇಟ್ಟು, ಬಾಗಿಲಲ್ಲಿ ನಿಂತಿದ್ದರು. ಕಚೇರಿ ಬಿಟ್ಟ ಮೇಲೆ ಆ ಪೇಟವನ್ನು ಅವರು ಮುಟ್ಟಿರಲಿಲ್ಲ.

ನನ್ನ ಜೊತೆಗೇ ಹೊರಟರು. ಜಗಲಿಯ ಹತ್ತಿರ ಬಂದಾಗ ಎಂಜಿನ್ ದೊರೆ, “ಬನ್ನಿ ಶಾನುಭೋಗ್ರೆ, ಅಪರೂಪಕ್ಕೆ ಬಂದ್ರಿ,” ಎಂದು ಚಾಪೆ ಹಾಸಲು ಹೋದರು. ಅಪ್ಪ ಕೂರಲಿಲ್ಲ.

“ಆ ರಿಜಿಸ್ಟರಲ್ಲಿ ನಿಮ್ಮನ್ನ ಜರ್ಮನಿಯೋರ ಕೆಳಗೆ ಸದರಿ ಅಂತ ಬರ್ದೋನು ನಾನು,” ಎಂದರು. “ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ.”

ಎಪ್ಪತ್ತರ ಹತ್ತಿರದ ಇಬ್ಬರು ಮುದುಕರು ಎದುರುಬದುರು ನಿಂತಿದ್ದರು. ಅಪ್ಪ ಯಾರ ಮುಂದೆಯೂ ತಲೆತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ. ನನಗೆ ಅಳು ಬಂತು, ಜೊತೆಗೆ ಹೆಮ್ಮೆಯೂ ಆಯಿತು.

ಉತ್ತರ ಬಂದದ್ದು ಒಳಗಿನಿಂದ. ಆ ಮನೆಯ ಅಮ್ಮ ಒಲೆಯ ಮುಂದಿನಿಂದ ಎದ್ದು ಹೊಸ್ತಿಲಿಗೆ ಬಂದು ನಿಂತಿದ್ದರು. ಮಿಷನ್ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಓದಿದ ಹೆಂಗಸು.

“ನಿಮ್ದೊಂದೇ ತಪ್ಪಲ್ಲ ಸ್ವಾಮಿ,” ಎಂದರು. “ಇವ್ರು ಎಲ್ಲೋ ರಿಪೇರಿಗೆ ಓಗಿದ್ರು, ನೀವು ಈ ಜಗಲಿ ಮ್ಯಾಲೆ ಕೂತು ಬರಿಯೋವಾಗ ಪಾನಕ ತಕೊಂಡು ಬಂದು ಇಂದೆ ನಿಂತಿದ್ದೆ. ಓದ್ದೆ. ಸದರಿ ಅಂದ್ರೇನು ಅಂತಾನೂ ಗೊತ್ತಿತ್ತು. ಆ ಬಿಸಿಲ್ನಾಗೆ ಬಂದವ್ರೆ, ದೊಡ್ಡೋರು, ತಿದ್ದಿ ಅಂತ ಎಂಗೆ ಏಳಾದು ಅಂತ ಸುಮ್ಕಾದೆ.” ಗಂಡನ ಕಡೆ ನೋಡಲಿಲ್ಲ. “ಇವತ್ತಿನವರ್ಗೂ ಇವ್ರಿಗೆ ಏಳಿಲ್ಲ.”

ಎಂಜಿನ್ ದೊರೆ ಹೆಂಡತಿಯನ್ನೇ ನೋಡುತ್ತ ನಿಂತರು. ಇಪ್ಪತ್ತೆರಡು ವರ್ಷ ಒಂದು ಮಾತನ್ನು ನುಂಗಿಕೊಂಡು ಆ ಹೆಂಗಸು ರಾಗಿ ಬೀಸಿದ್ದರು, ಒಬ್ಬರೇ ಆರೂವರೆ ವರ್ಷ ಮನೆ ನಡೆಸಿದ್ದರು. ಈಗ ಏನಾಗುತ್ತದೋ ಎಂದು ನಾನು ಪೆನ್ನಿನ ಕ್ಯಾಪು ಮುಚ್ಚಿದೆ.

ಅವರು ನನ್ನ ಕಡೆ ತಿರುಗಿದರು. “ಬರ್ಕೊಳಿ ತಾಯಿ,” ಎಂದರು.

ಹಳ್ಳಿಯ ಹೆಸರನ್ನು ಮೂರು ಸಲ ಹೇಳಿಸಿಕೊಂಡು ಬರೆದೆ. ದೇಶ ಉಕ್ರೇನ್ ಎಂದು ಬರೆದೆ. ಮಾತೃಭಾಷೆಗೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ತರಬೇತಿಯಲ್ಲೂ ನಮಗೆ ಹಾಗೆಂದೇ ಹೇಳಿದ್ದರು. ಗೊತ್ತಿರುವ ಬೇರೆ ಭಾಷೆ ಕನ್ನಡ. ಒಂದೊಂದು ಅಕ್ಷರವನ್ನೂ ಅವರು ಬಗ್ಗಿ ನೋಡಿದರು, ತಪ್ಪಿಲ್ಲವೆಂದು ತಲೆಯಾಡಿಸಿದರು. ಉಳಿದದ್ದು ಈ ಊರಿನ ವಾಸ ಎಷ್ಟು ವರ್ಷ ಎಂಬುದೊಂದೇ.

“ಮೂವತ್ತೈದು,” ಎಂದರು.

ನಿಯಮದಂತೆ ಅದು ತಪ್ಪು. ನಡುವೆ ಊರು ಬಿಟ್ಟಿದ್ದರೆ ವಾಪಸ್ಸು ಬಂದ ದಿನದಿಂದ ಎಣಿಸಬೇಕು. “ಕ್ಯಾಂಪಿಂದ ಬಂದು ಹದಿನೈದೇ ಆಯ್ತಲ್ವಾ?” ಎಂದು ಮೆಲ್ಲಗೆ ಕೇಳಿದೆ.

“ಮೂವತ್ತೈದು,” ಎಂದರು ಮತ್ತೆ. “ನಾನೆಲ್ಲಿದ್ರೇನು ತಾಯಿ, ಮನೆ ಇಲ್ಲೇ ಇತ್ತು. ಇವಳು ಇಲ್ಲೇ ಇದ್ಲು.”

ಹೊಸ್ತಿಲಲ್ಲಿ ಆ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಅಪ್ಪನ ಕಡೆ ನೋಡಿದೆ. ಅಂಕಿ ಒಂದು ಹೆಚ್ಚುಕಡಿಮೆಯಾದರೆ ಪುಟವನ್ನೇ ಹರಿದು ಹೊಸದಾಗಿ ಬರೆಯುತ್ತಿದ್ದ ಮನುಷ್ಯ ಅವರು.

“ಅವರು ಹೇಳಿದ ಹಾಗೆ ಬರಿ ಮಗು,” ಎಂದರು ಅಪ್ಪ.

ಮೂವತ್ತೈದು ಎಂದು ಬರೆದೆ.