ಬಿಡದೆಯೇ ಮರಳಬೇಕಾದವನು

ಬಿಸಿ ಬ್ರೆಡ್ಡನ್ನು ಅಚ್ಚಿನಿಂದ ಕೆಡವುವಾಗ ಯಾರಾದರೂ ಮಾತಾಡಿಸಿದರೆ ಬ್ರೆಡ್ಡಣ್ಣನಿಗೆ ಆಗುವುದಿಲ್ಲ. ಆ ದಿನ ನಸುಕಿನಲ್ಲಿ ಅವನು ಅಚ್ಚಿನ ಅಂಚಿಗೆ ಚಾಕು ಆಡಿಸುತ್ತಿದ್ದಾಗಲೇ, ರಸ್ಕ್ ಕೊಳ್ಳಲು ಬಂದಿದ್ದ ನಿವೃತ್ತ ಟೈಪಿಸ್ಟ್ ಅಮ್ಮ ಗಾಜಿನ ಕಪಾಟಿನ ಮೇಲೆ ಬಗ್ಗಿ, ದನಿ ತಗ್ಗಿಸಿದರು.

“ಧೈರ್ಯವಾಗಿರಪ್ಪ. ನಿನಗೋಸ್ಕರ ಪ್ರಾರ್ಥನೆ ಮಾಡ್ತಾನೇ ಇದ್ದೀವಿ.”

“ಯಾಕಮ್ಮ, ನನಗೇನಾಗಿದೆ?”

“ಮೈಗೇನೂ ಆಗಿಲ್ಲ. ವಿಶ್ವಾಸ ಬಿಟ್ಟೆಯಲ್ಲ, ಅದಕ್ಕೆ.”

ಅಚ್ಚು ಕೈ ಜಾರಿತು. ಬ್ರೆಡ್ಡು ಕೆಡಲಿಲ್ಲ, ಬ್ರೆಡ್ಡಣ್ಣನ ತಲೆ ಕೆಟ್ಟಿತು.

ಟೈಪಿಸ್ಟ್ ಅಮ್ಮ ಹೇಳಿದ್ದು ಅವನ ನಾದಿನಿ ನಡೆಸುವ ಪ್ರಾರ್ಥನಾ ಕೂಟದ ವಿಷಯ. ಗುರುವಾರ ಸಂಜೆ ಆಕೆಯ ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರು ಸೇರುತ್ತಾರೆ. ಚರ್ಚಿಗೆ ಬೆನ್ನು ಹಾಕಿದವರು ಮರಳಿ ಬರಲಿ ಎಂದು ಜಪಮಾಲೆ ಹೇಳುತ್ತಾರೆ, ಒಬ್ಬೊಬ್ಬರ ಹೆಸರಿಗೂ ಒಂದೊಂದು ಮೇಣದಬತ್ತಿ ಹಚ್ಚುತ್ತಾರೆ. ಆ ಬತ್ತಿಗಳ ಹೆಸರಿನವರಲ್ಲಿ ಕೆಲವರು ಊರು ಬಿಟ್ಟರು, ಒಬ್ಬರು ತೀರಿಕೊಂಡರು. ಮರಳಿ ಬಂದವರು ಮಾತ್ರ ಯಾರೂ ಇಲ್ಲ. ಈಗ ಉರಿಯುತ್ತಿರುವುದು ಒಂದೇ ಬತ್ತಿ, ಅದು ಬ್ರೆಡ್ಡಣ್ಣನದು.

ಅವನಿಗೆ ಇದು ಗೊತ್ತಾಗದೆ ಹೋದದ್ದಕ್ಕೆ ಕಾರಣ ಸರಳ. ರಾತ್ರಿಯಿಡೀ ಅವನು ಬೇಕರಿಯ ಭಟ್ಟಿಯ ಮುಂದಿರುತ್ತಾನೆ. ಬೆಳಕು ಹರಿಯುವಾಗ ಆಸ್ಪತ್ರೆಗೆ ಬ್ರೆಡ್ಡು ತಲುಪಿಸಿ, ಅಲ್ಲಿನ ಪುಟ್ಟ ಪ್ರಾರ್ಥನಾಲಯದಲ್ಲಿ ರೋಗಿಗಳಿಗಾಗಿ ನಡೆಯುವ ಬಲಿಪೂಜೆಗೆ ನಿಲ್ಲುತ್ತಾನೆ. ಬೆಂಚಿಗೆ ಹಿಟ್ಟು ಮೆತ್ತೀತೆಂದು ಬಾಗಿಲ ಸಂದಿಯಲ್ಲೇ ನಿಲ್ಲುತ್ತಾನೆ. ಮನೆಗೆ ಬಂದು ಮಲಗುತ್ತಾನೆ. ಹೆಂಡತಿ ಊರಿನ ಚರ್ಚಿಗೆ ಹೊರಡುವ ಹೊತ್ತಿಗೆ ಅವನ ಗೊರಕೆ ತಾರಕಕ್ಕೇರಿರುತ್ತದೆ. ದೊಡ್ಡ ಹಬ್ಬಗಳಲ್ಲಂತೂ ಕೇಕಿನ ಭಾರ. ಅವನನ್ನು ಊರಿನ ಚರ್ಚಿನಲ್ಲಿ ಕಂಡವರೇ ಇಲ್ಲ.

“ನನ್ನ ಗಂಡ ಪೂಜೆಗೆ ಹೋಗ್ತಾರೆ ಅಂತ ನೀನಾದರೂ ಹೇಳಬಾರದಿತ್ತಾ?” ಎಂದು ಅವನು ಹೆಂಡತಿಯ ಮೇಲೆ ಹರಿಹಾಯ್ದ.

“ಎಲ್ಲಿದ್ದಾರೆ ಅಂತ ಕೇಳ್ತಿದ್ದರು, ಮಲಗಿದ್ದಾರೆ ಅಂತಿದ್ದೆ. ಕೇಳಿದ್ದಕ್ಕೆ ತಾನೇ ಉತ್ತರ ಹೇಳೋದು?”

ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಾದಿನಿಯ ಮಗಳು ಹೆತ್ತಿದ್ದಳು, ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡು ಅದರ ಪರವಾಗಿ ಮಾತು ಕೊಡುವ ಜ್ಞಾನತಂದೆಯಾಗಿ ದೊಡ್ಡಪ್ಪನೇ ನಿಲ್ಲಬೇಕೆಂದು ಹಟ ಹಿಡಿದಿದ್ದಳು. ಮಕ್ಕಳಿಲ್ಲದ ಬ್ರೆಡ್ಡಣ್ಣ ಆ ದಿನಕ್ಕೆಂದೇ ಬಿಳಿ ಅಂಗಿ ಹೊಲಿಸಿದ್ದ. ಚರ್ಚಿನ ಗುರುಗಳ ಷರತ್ತು ಮಾತ್ರ ಒಂದೇ: ಜ್ಞಾನತಂದೆ ಆದವನು ವಿಶ್ವಾಸದಲ್ಲಿ ನಡೆಯುವವನಾಗಿರಬೇಕು.

ಗುರುವಾರ ಅವನು ನಿದ್ದೆಗೆಟ್ಟು ನಾದಿನಿಯ ಮನೆಗೆ ನಡೆದ. ಬಾಗಿಲಲ್ಲಿ ಅವನನ್ನು ಕಂಡದ್ದೇ ತಡ, ಜಪ ನಿಂತುಹೋಯಿತು. ಟೈಪಿಸ್ಟ್ ಅಮ್ಮ ಗಳಗಳನೆ ಅತ್ತರು. ಯಾರೋ ಚಪ್ಪಾಳೆ ತಟ್ಟಿದರು.

“ನಾನು ಬಿಟ್ಟೇ ಇಲ್ಲ,” ಎಂದ ಬ್ರೆಡ್ಡಣ್ಣ.

“ಮೊದಲ ದಿನ ಎಲ್ಲರೂ ಹಾಗೇ ಅನ್ನೋದು,” ಎಂದರು ಟೈಪಿಸ್ಟ್ ಅಮ್ಮ, ಮೂಗು ಒರೆಸಿಕೊಳ್ಳುತ್ತಾ. ಹಿಂದೆ ಯಾರಿಗೂ ಮೊದಲ ದಿನ ಬಂದಿರಲಿಲ್ಲ ಎಂಬುದು ಅವರಿಗೆ ನೆನಪಾಗಲಿಲ್ಲ.

ಆಸ್ಪತ್ರೆಯ ಪೂಜೆಯ ವಿಷಯ ಕೇಳಿದ ನಾದಿನಿಯ ಮುಖ ಸಪ್ಪಗಾಯಿತು. ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು.

“ಭಾವ, ನೀವು ಹೇಳೋದು ನಿಜ ಅಂದರೆ ನಾವು ಇಷ್ಟು ವರ್ಷ ಮಾಡಿದ್ದೇನು?”

“ಪ್ರಾರ್ಥನೆ. ಒಳ್ಳೇದೇ ಅಲ್ವಾ?”

“ಫಲ ಬೇಡವಾ? ‘ನಾನು ಮರಳಿ ಬಂದೆ’ ಅಂತ ಎಲ್ಲರೆದುರು ಒಂದು ಮಾತು ಹೇಳಿಬಿಡಿ. ಗುರುಗಳೂ ಒಪ್ತಾರೆ, ಮಗುವನ್ನೂ ಎತ್ತಿಕೊಳ್ಳಿ.”

“ಹೋಗದೇ ಇರೋನು ಎಲ್ಲಿಂದ ಬರಲಿ ಮಾರಾಯ್ತಿ? ಮಗು ಪರವಾಗಿ ಮಾತು ಕೊಡೋನು ಸುಳ್ಳಿಂದ ಶುರು ಮಾಡಲಾ?”

ಮಾರನೇ ದಿನ ಹೆಂಡತಿ, ನಾದಿನಿಯರ ಜೊತೆ ಅವನು ಚರ್ಚಿನ ಗುರುಗಳನ್ನು ಕಂಡ. ಗುರುಗಳು ಒಳ್ಳೆಯವರು. ಆಸ್ಪತ್ರೆಯಲ್ಲಿ ಪೂಜೆ ಅರ್ಪಿಸುವ ವೃದ್ಧ ಫಾದರ್‌ಗೆ ಅಲ್ಲೇ ಫೋನು ಮಾಡಿದರು. ಆ ಮುದುಕರಿಗೆ ಒಂದು ಗೇಣಿನಾಚೆಗೆ ಏನೂ ಕಾಣುವುದಿಲ್ಲ.

“ಬ್ರೆಡ್ಡಿನವನಾ? ಅಂಥವನು ಯಾರೂ ಬರಲ್ಲಪ್ಪ,” ಎಂದರು ಅವರು. “ಬಾಗಿಲಲ್ಲಿ ಪ್ಲಾಸ್ಟರ್ ಹಾಕೋನು ನಿಲ್ತಾನೆ. ಪ್ರಸಾದ ತಗೊಳ್ಳೋಕೆ ಕೈ ಚಾಚಿದರೆ ಉಗುರಿನ ಸಂದಿಯಲ್ಲೆಲ್ಲಾ ಬಿಳಿ ಪುಡಿ. ಒಂದು ದಿನಾನೂ ತಪ್ಪಿಸಿದವನಲ್ಲ. ಮಹಾ ಭಕ್ತ.”

ಹೀಗೆ ಬ್ರೆಡ್ಡಣ್ಣನ ಅಷ್ಟೂ ವರ್ಷಗಳ ಭಕ್ತಿ, ಮುರಿದ ಕೈಕಾಲಿಗೆ ಕಟ್ಟು ಹಾಕುವ ಇನ್ನೊಬ್ಬನ ಖಾತೆಗೆ ಜಮೆಯಾಗಿತ್ತು. ಅದು ಹಿಟ್ಟು ಎಂದು ಅವನು ಗುರುಗಳಿಗೆ ಕೈ ತೋರಿಸಿದ. ಅವರು ಬೆರಳುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇರಬಹುದು, ಆದರೆ ಪ್ಲಾಸ್ಟರಿನವನ ಕೈ ನಾನು ನೋಡಿಲ್ಲವಲ್ಲ,” ಎಂದು ನಿಟ್ಟುಸಿರಿಟ್ಟರು.

ಹೊರಗೆ ಬಂದ ಮೇಲೆ ಉಪಾಯ ಹೊಳೆದದ್ದು ನಾದಿನಿಗೆ. “ಒಂದು ದಿನ ಪೂಜೆ ಬಿಟ್ಟುಬಿಡಿ ಭಾವ. ಮಾರನೇ ದಿನ ಮರಳಿ ಬನ್ನಿ. ಸುಳ್ಳು ಹೇಳಿದ ಹಾಗೂ ಆಗಲ್ಲ. ಭಾನುವಾರ ಬಿಟ್ಟರೆ ಪಾಪ. ಮಂಗಳವಾರ ಬಿಡಿ, ಅದಕ್ಕೆ ಕಟ್ಟುಪಾಡಿಲ್ಲ.”

“ಧರ್ಮ ಬಿಡೋಕೂ ಒಳ್ಳೇ ವಾರ ನೋಡ್ತಾಳೆ ನನ್ನ ತಂಗಿ,” ಎಂದಳು ಹೆಂಡತಿ.

ಬೇರೆ ದಾರಿ ಕಾಣದೆ ಬ್ರೆಡ್ಡಣ್ಣ ಒಪ್ಪಿದ. ಮಂಗಳವಾರ ಆಸ್ಪತ್ರೆಯ ಅಡುಗೆಮನೆಗೆ ಬ್ರೆಡ್ಡಿನ ಟ್ರೇ ಇಳಿಸಿ ನೇರ ಮನೆಗೆ ಹೋಗಬೇಕೆಂದುಕೊಂಡ. ಕಾಲು ಕೇಳಬೇಕಲ್ಲ, ಓಣಿ ಹಿಡಿದು ಪ್ರಾರ್ಥನಾಲಯದ ಬಾಗಿಲಿಗೇ ಬಂದು ನಿಂತವು. ಹೊಸ್ತಿಲು ದಾಟಲಿಲ್ಲ, ಅಷ್ಟೇ. ದಿನಾ ನಿಲ್ಲುವ ಜಾಗಕ್ಕಿಂತ ಒಂದು ಹೆಜ್ಜೆ ಹಿಂದೆ ಗೋಡೆಗೊರಗಿ ನಿಂತು ಧರ್ಮ ಬಿಟ್ಟ. ಒಳಗಿನವರು ಪ್ರಾರ್ಥನೆಗೆ ಉತ್ತರ ಕೊಟ್ಟಾಗಲೆಲ್ಲ ತನ್ನ ಬಾಯನ್ನು ತಾನೇ ಮುಚ್ಚಿಕೊಂಡ.

ರೋಗಿಗಳಿಗೆ ಪ್ರಸಾದ ಕೊಟ್ಟು ಮುಗಿಸಿದ ವೃದ್ಧ ಫಾದರ್ ಅಭ್ಯಾಸದಂತೆ ಬಾಗಿಲ ಸಂದಿಗೆ ಬಂದರು. ಬಿಳಿ ಕೈ ಚಾಚಲಿಲ್ಲ. ಅವರು ಕಾದರು. ಪೂಜೆ ಅಲ್ಲೇ ನಿಂತಿತು. ಮುಂದಿನ ಬೆಂಚಿನ ರೋಗಿಗಳು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು.

“ಪ್ಲಾಸ್ಟರಿನವನು ಎಲ್ಲಿ?” ಎಂದು ಫಾದರ್ ಗಟ್ಟಿಯಾಗಿ ಕೇಳಿದರು. “ಹುಷಾರಿಲ್ಲವೇನೋ, ಯಾರಾದರೂ ನೋಡಿ.”

ಓಣಿಯಲ್ಲಿ ಚಹಾದ ಲೋಟ ಹಿಡಿದು ಹೋಗುತ್ತಿದ್ದ ಪ್ಲಾಸ್ಟರ್ ಹಾಕುವವನು ಬೆಚ್ಚಿಬಿದ್ದ. “ಫಾದರ್, ನಾನು ಇಲ್ಲೇ ಇದ್ದೀನಿ. ಆದರೆ ಒಳಗೆ ಯಾವತ್ತೂ ಬಂದಿಲ್ಲ. ನನ್ನ ಮದುವೆ ಆದಮೇಲೆ ಯಾವ ಚರ್ಚಿಗೂ ಹೋಗಿಲ್ಲ, ನಿಮ್ಮಾಣೆ.”

“ಹಾಗಾದರೆ ದಿನಾ ಬರೋ ಕೈ ಯಾರದು?”

ಬ್ರೆಡ್ಡಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಹೊಸ್ತಿಲಾಚೆಯಿಂದಲೇ ಎರಡೂ ಕೈ ಚಾಚಿದ. ಫಾದರ್ ಆ ಕೈಗಳನ್ನು ಕಣ್ಣಿಗೆ ತೀರ ಹತ್ತಿರ ತಂದುಕೊಂಡು ನೋಡಿ, “ಹಾಂ, ಇದೇ,” ಎಂದರು. ಅವನು ಒಳಗೆ ಕಾಲಿಟ್ಟ.

ಆ ಮಧ್ಯಾಹ್ನವೇ ಅವರು ಚರ್ಚಿನ ಗುರುಗಳಿಗೆ ಫೋನು ಮಾಡಿ ಕೈಗೆ ಸಾಕ್ಷಿ ಹೇಳಿದರು.

ಗುರುವಾರ ಬ್ರೆಡ್ಡಣ್ಣ ಕೂಟದಲ್ಲಿ ಎದ್ದು ನಿಂತು ನಡೆದದ್ದನ್ನು ನಡೆದಂತೆಯೇ ಹೇಳಿದ. ಹೊರಗೆ ನಿಂತದ್ದು ಎಷ್ಟು ಹೊತ್ತು ಎಂದು ಯಾರೋ ಕೇಳಿದ್ದಕ್ಕೆ, “ಅರ್ಧ ಪೂಜೆ,” ಎಂದ. ಇಷ್ಟು ಬೇಗ ಫಲ ಕೊಟ್ಟ ಪ್ರಾರ್ಥನೆ ಇನ್ನೊಂದಿಲ್ಲವೆಂದು ಟೈಪಿಸ್ಟ್ ಅಮ್ಮ ಮತ್ತೆ ಅತ್ತರು. ನಾದಿನಿ ಅವನ ಬತ್ತಿಯನ್ನು ಆರಿಸಿ, ಪ್ಲಾಸ್ಟರಿನವನ ಹೆಸರಿಗೆ ಹೊಸದೊಂದನ್ನು ಹಚ್ಚಿದಳು. “ಇವನು ನಿಜವಾಗಿಯೂ ಬಿಟ್ಟಿದ್ದಾನೆ ತಾನೇ? ಸರಿಯಾಗಿ ವಿಚಾರಿಸಿದ್ದೀರಾ?” ಎಂದು ಭಾವನನ್ನು ಎರಡೆರಡು ಸಲ ಕೇಳಿದಳು.

ಮಗುವಿನ ದೀಕ್ಷಾಸ್ನಾನ ಈ ಭಾನುವಾರ. ಬ್ರೆಡ್ಡಣ್ಣನೇ ಎತ್ತಿಕೊಳ್ಳುತ್ತಾನೆ.